ಕಂಡಿಕಿ ಮುಗದ ಮ್ಯಾಲೆ

ಮೂರು ಪಾಕೀಟ ಕೊಟ್ಟಾಂವ ನಾನ.
ಬನಹಟ್ಟ್ಯಾಗ ಮಗ್ಗದ ಓಣಿ, ಎಂಟು ಬೈ ಹತ್ತರ ಮೆಡಿಕಲ್ಲು,
ಗ್ವಾಡಿಗೆ ತೂಗಹಾಕಿದ ನನ್ನ ಡಿಪ್ಲೊಮಾದ ಮ್ಯಾಲೆ
ಹತ್ತಿ ಧೂಳು ಒಂದು ಪದರ.

ಶ್ರಾವಣದ ಎರಡನೇ ವಾರ ಕಸ್ತೂರೆವ್ವ ಬಂದ್ಲು.
ಜ್ವರ ಅಂದ್ಲು, ಬಿಳೇದು ಕೊಟ್ಟೆ.
ಮೂಗು ಸೋರತೈತಿ ಅಂದ್ಲು, ಹಳದಿ ಕೊಟ್ಟೆ.
ಸಂಜಿಗೆ ಮತ್ತ ಬಂದು
ಹೆಗಲು ಹಿಡಕೊಂಡು ನಿಂತಾಗ ಕಿತ್ತಳಿ ಬಣ್ಣದ್ದು.
ಹೆಸರು ಬ್ಯಾರೆ, ಕಂಪನಿ ಬ್ಯಾರೆ,
ಬೆನ್ನಿಗೆ ಮಾತ್ರ ಇರಿವಿಯಂಥಾ ಅಕ್ಷರದಾಗ
ಮೂರಕ್ಕೂ ಒಂದ ಮಾತು: ಪ್ಯಾರಾಸಿಟಮಾಲ್.
ಅದನ್ನ ಓದಬೇಕಾದಾಂವ ನಾನ.
ಕರೆಂಟ್ ಹೋಗಿತ್ತು ಅಂತ ಹೇಳಬಹುದು.
ಹೋಗಿರಲಿಲ್ಲ.

ಆಕಿಗೋ ತಿಂಗಳ ಒಪ್ಪತ್ತು,
ಜ್ವರದ ಬಾಯಿಗೆ ಆ ಒಂದು ಹೊತ್ತೂ ಸೇರಲಿಲ್ಲ.
ಬರಿ ಹೊಟ್ಟಿ, ಚಾ, ಗುಳಿಗಿ.

ಬಲ ಪಕ್ಕೆಲುಬಿನ ಕೆಳಗ ಯಕೃತ್ತು,
ಸೂಟಿ ಇಲ್ಲದ ಕಾರಖಾನಿ.
ಬಂದ ಗುಳಿಗಿಗೆ ಸಕ್ಕರಿ ಕಟ್ಟಿ, ಗಂಧಕ ಕಟ್ಟಿ
ಬಹುಪಾಲು ಉಚ್ಚಿ ದಾರಿಗೆ ಸಾಗಹಾಕತೈತಿ, ಗದ್ದಲಿಲ್ಲ.
ಉಳದ ಚೂರು ಬ್ಯಾರೆ ಮಷೀನಿಗೆ ಬೀಳತೈತಿ,
ಆ ಕಡಿಂದ ಹೊರಗ ಬರೂದು ಗುಳಿಗಿ ಅಲ್ಲ.
ಜ್ವರ ಇಳಸೂದಿಲ್ಲ ಅದು, ನೋವು ಕೇಳೂದಿಲ್ಲ,
ಯಾರನ್ನರ ಹಿಡಕೋಬೇಕು ಅನ್ನೂ ಬರೀ ಹಸಿವು.
ಅದರ ಕೈಗೆ ಕೊಡಾಕಂತ
ಯಕೃತ್ತು ನೂಲು ಸುತ್ತಿ ಇಟ್ಟಿರತೈತಿ, ಗ್ಲುಟಾಥಯೋನ್.
ತಗೋ, ಇದನ್ನ ಹಿಡಕೋ, ಹೊರಗ ನಡಿ.

ಮೂವತ್ತು ವರ್ಷ ಕಂಡಿಕಿ ಸುತ್ತಿದಾಕಿಗೆ
ನಾ ಏನು ತಿಳಿಸಿ ಹೇಳಲಿ.
ಕಂಡಿಕಿ ಮುಗದರೂ ಲಾಳಿ ಹೋಗತೈತಿ, ಬರತೈತಿ,
ಅದ ಸದ್ದು,
ಹಾಸಿನ ತುಂಬ ಹೊಕ್ಕಿಲ್ಲದ ಬಯಲು.
ಇಲ್ಲೆ ಬಯಲಿಗೂ ನಿಲ್ಲಲಿಲ್ಲ.
ನೂಲು ಸಿಗದ ಹಸಿವು ಮಗ್ಗಾನ ಹಿಡೀತು,
ಹಲಗಿ, ಅಣಿ, ಮಳಿ,
ಕಣಕಣದಾಗ ಉರಿಯೂ ಸಣ್ಣ ಒಲಿ,
ನಡೂ ರಕ್ತನಾಳದ ಸುತ್ತ ಮೊದಲು,
ಅಲ್ಲಿಂದ ಹೊರಕ್ಕ.

ಐದನೇ ದಿನ ವಾಂತಿ ನಿಂತಿತು.
ಎದ್ದು ಅಂಗಳಾ ಸಾರಿಸಿದ್ಲಂತ.
ನನ್ನ ಅಂಗಡಿ ಮುಂದ ಹಾಯೂವಾಗ ಕೈ ಎತ್ತಿ
“ನಿನ್ನ ಗುಳಿಗಿ ಚಲೋ ಅದಾವಪಾ ಮುರಿಗೆಪ್ಪ” ಅಂದ್ಲು.
ನಾ ನಕ್ಕೆ.

ಏಳನೇ ದಿನ ಕಣ್ಣು ಅರಿಷಿಣ.
ಕಾಮಾಲಿಗೆ ಸೊಪ್ಪು ಕೊಡಾಂವ ತೇರದಾಳದಾಗ ಅದಾನ ಅಂದ್ರು ಯಾರೋ.
ಮಗಳು ರೇಣವ್ವ ಕೇಳಲಿಲ್ಲ,
ಖಾಲಿ ಪಾಕೀಟ ಎಲ್ಲಾ ಕೈಚೀಲಕ್ಕ ತುರುಕಿ
ಬಾಗಲಕೋಟಿ ಗಾಡಿ ಹಿಡದ್ಲು.
ಅಲ್ಲಿ ಕಲಿಯೂ ಡಾಕ್ಟರ್ ಹುಡುಗಿ
ಮೂರನ್ನೂ ಮೇಜಿನ ಮ್ಯಾಲೆ ಸಾಲಾಗಿ ಇಟ್ಟು
ಒಂದೊಂದ ಬೋರಲು ಹಾಕಿದ್ಲಂತ.
ನಿಮಿಷ ಹಿಡೀಲಿಲ್ಲ.

ಔಷಧದ ಬಾಯಿ ತಗದ್ರ ಕೊಳತ ತತ್ತಿ ವಾಸನಿ.
ಹಗಲು ರಾತ್ರಿ ಹನಿ ಹನಿ ಏರಿಸಿದ್ರು.
ಅಷ್ಟು ಮಂಪರಿನ್ಯಾಗೂ ಕಸ್ತೂರೆವ್ವ ಸೆರಗು ಮೂಗಿಗೆ ಹಿಡದು
“ಶ್ರಾವಣದಾಗ ಏನು ಹಾಕಾಕತ್ತೀರಿ ನನಗ” ಅಂತ.
ಗಂಧಕದ ವಾಸನಿ, ಯವ್ವಾ.
ಮುಗದ ನೂಲಿಗೆ ಹೊಸಾ ಹತ್ತಿ.

ಬದುಕಿದ್ಲು.
ಸುಟ್ಟ ಜಾಗಾದಾಗ ಮತ್ತ ಚಿಗಿಯೂ ಅಂಗ ಅದು,
ನನ್ನ ಪುಣ್ಯಾ ಅನ್ನಾಕ ನನಗ ಬಾಯಿಲ್ಲ.
ಕಾರ್ತೀಕದಾಗ ಬಂದು ಕಟ್ಟಿ ಮ್ಯಾಲೆ ಕುಂತ್ಲು, ಬೈಲಿಲ್ಲ,
ತಲಿಶೂಲಿ ಅಂದ್ಲು.
ಪಾಕೀಟ ಬೋರಲು ಹಾಕಿ ಜೋರಾಗಿ ಓದಿದೆ,
ಸಾಲ್ಯಾಗ ಮಗ್ಗಿ ಒಪ್ಪಿಸಿದಂಗ.
ಅಕ್ಷರ ಬರದಾಕಿ, ಕಣ್ಣು ಮುಚ್ಚಿ ಪೂರಾ ಕೇಳಿದ್ಲು.
“ಬ್ಯಾಡ ಬಿಡು” ಅಂತ ಎದ್ದು ಹೋದ್ಲು.

ಈಗ ಯಾರ ಬರಲಿ, ಮೊದಲ ಕೇಳತೀನಿ,
ಉಂಡೀರೇನು, ಬ್ಯಾರೆ ಏನರ ನುಂಗೀರೇನು.
ಬೀಗರ ಮನಿಗೆ ಬಂದಂಗಾತು ಅಂತ ನಗತಾರ.

ರಾತ್ರಿ ಬಾಗಲಾ ಎಳಿಯೂವಾಗ ಓಣಿ ತುಂಬ ಮಗ್ಗದ ಸದ್ದು.
ನಿಂತು ಕೇಳತೀನಿ.
ಲಾಳ್ಯಾಗ ನೂಲು ಐತೋ ಇಲ್ಲೋ
ಹೊರಗ ನಿಂತಾಂವಗ ತಿಳಿಯೂದಿಲ್ಲ.